ಸಿವಿಲಿಯನ್ ಕನ್ಸರ್ವೇಷನ್ ಕೋರ್
ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮಹಾ ಆರ್ಥಿಕ ಮುಗ್ಗಟ್ಟು ತಲೆದೋರಿದ್ದ ಕಾಲದಲ್ಲಿ, ಉದ್ಯೋಗವಿಲ್ಲದೆ ಅಲೆಯುತ್ತಿದ್ದ ತರುಣರಿಗೆ ವೇತನವನ್ನೂ ಕಸುಬಿನ ಶಿಕ್ಷಣವನ್ನೂ ಒದಗಿಸಿ, ಅವರ ಶ್ರಮದಿಂದಲೇ ಕ್ಷೀಣಿಸಿದ ಅರಣ್ಯಗಳನ್ನೂ ಸವೆದ ಭೂಮಿಯನ್ನೂ ಉದ್ಧರಿಸಬೇಕೆಂಬ ಉದ್ದೇಶದಿಂದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು 1933ರಲ್ಲಿ ಸ್ಥಾಪಿಸಿದ ದಳ. ಮೊದಲು 18ರಿಂದ 25 ವರ್ಷ ವಯಸ್ಸಿನ ಅವಿವಾಹಿತ ಯುವಕರನ್ನು ಸೇರಿಸಿಕೊಳ್ಳುತ್ತಿದ್ದರು. ಮಾಸಿಕ 30 ಡಾಲರುಗಳಲ್ಲಿ ಸಾಮಾನ್ಯವಾಗಿ 25 ಡಾಲರು ನೇರವಾಗಿ ಮನೆಗೇ ಸಲ್ಲುತ್ತಿದ್ದುದರಿಂದ ಮನೆಯಲ್ಲುಳಿದಿದ್ದ ತಾಯಿತಂದೆಯರ ಒಲೆಯೂ ಉರಿಯಿತು. ಹಗಲೆಲ್ಲ ಸಸಿ ನೆಟ್ಟು, ಕೊರಕಲುಗಳಿಗೆ ಅಡ್ಡಗಟ್ಟೆ ಕಟ್ಟಿ, ಕಾಳ್ಗಿಚ್ಚು ನಂದಿಸಿ ದಣಿದವರು ಇರುಳು ಶಿಬಿರದ ಪಾಠಶಾಲೆಯಲ್ಲಿ ಅಕ್ಷರ ಕಲಿತುದು ಈ ಯೋಜನೆಯ ಅತ್ಯಂತ ಶ್ಲಾಘನೀಯ ಅಂಶ. ಒಟ್ಟು ಸುಮಾರು 30 ಲಕ್ಷ ತರುಣರು 300 ಕೋಟಿಯಷ್ಟು ಮರಗಳನ್ನು ನೆಟ್ಟರೆಂದು ಗಣನೆ. ಕಪ್ಪು ಜನಾಂಗದ ಯುವಕರನ್ನು ಬಹುಮಟ್ಟಿಗೆ ಪ್ರತ್ಯೇಕ ಶಿಬಿರಗಳಲ್ಲಿರಿಸಿದುದೂ ಸ್ತ್ರೀಯರಿಗೆ ಪ್ರವೇಶವೀಯದುದೂ ಇಂತಹ ಮಹತ್ಕಾರ್ಯಕ್ಕೆ ಅಂಟಿದ ಕಳಂಕಗಳು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಇದು ವಿಸರ್ಜಿತವಾಯಿತು.