ಶೇಷ, ಬಾಕಿ ಮತ್ತು ನನ್ನದೊಂದು ತಪ್ಪು

ಪ್ರೌಢಶಾಲೆಯಲ್ಲಿ ನನ್ನಿಂದ ಬೀಜಗಣಿತ ಕಲಿತವರಿಗೆ ನಾನೊಂದು ತಿದ್ದುಪಡಿಯನ್ನು ಹೇಳಬೇಕಾಗಿದೆ. ತಡವಾಯಿತು, ಮನ್ನಿಸಬೇಕು. ಬಹುಪದೋಕ್ತಿಗಳ ಭಾಗಾಕಾರದ ಪಾಠ ನಡೆದಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, "ಸರ್, ಅಕ್ಷರಕ್ಕ ಅಕ್ಷರ ಭಾಗಿಸೋ ಈ ಲೆಕ್ಕ ಯಾರು ಹುಡುಕಿದ್ರಿ?" ಎಂದು ಕೇಳಿದ್ದ. "ಇಂಗ್ಲಿಷರು ತಂದದ್ದು, ಕೂಡು" ಎಂದುಬಿಟ್ಟೆ. ಪಾಠ ಮುಗಿಸುವ ಅವಸರವಿತ್ತು. ನಿಜವಾದ ಉತ್ತರವೂ ನನಗೆ ತಿಳಿದಿರಲಿಲ್ಲ.

ಮರೆತವರಿಗಾಗಿ ಮೊದಲು ಲೆಕ್ಕವನ್ನೇ ನೆನಪಿಸುತ್ತೇನೆ. 17/5 ಎಂಬ ವಿಷಮ ಭಿನ್ನರಾಶಿಯನ್ನು 3 ಪೂರ್ಣ 2/5 ಎಂದು ಬರೆಯುತ್ತೇವೆ. ಅಕ್ಷರಗಳಲ್ಲಿಯೂ ಹಾಗೆಯೇ. ಅಂಶವು ಯ² + 5ಯ + 8, ಛೇದವು ಯ + 2 ಎಂದಿರಲಿ. ಯ² ಅನ್ನು ಯ ದಿಂದ ಭಾಗಿಸಿದರೆ ಯ. ಅದರಿಂದ ಛೇದವನ್ನು ಗುಣಿಸಿ ಅಂಶದಲ್ಲಿ ಕಳೆದರೆ 3ಯ + 8 ಉಳಿಯುತ್ತದೆ. ಮುಂದಿನ ಸಲ ಭಾಗಲಬ್ಧಕ್ಕೆ 3 ಸೇರುತ್ತದೆ, ಶೇಷ 2. ಶೇಷದ ಘಾತ ಛೇದದ ಘಾತಕ್ಕಿಂತ ಕಡಿಮೆಯಾದೊಡನೆ ಕೈ ನಿಲ್ಲಿಸಬೇಕು. ಆಗ ಇಡೀ ಭಿನ್ನರಾಶಿಯು ಯ + 3 + 2/(ಯ + 2) ಎಂದಾಗುತ್ತದೆ. ಯ ಬದಲಿಗೆ 10 ಇಟ್ಟು ನೋಡಿರಿ: 158/12 ಎಂದರೆ 13 ಪೂರ್ಣ 2/12. ಯ ದೊಡ್ಡದಾದಂತೆ ಕೊನೆಯ ತುಣುಕು ಸಣ್ಣದಾಗುತ್ತ ಹೋಗಿ, ಭಿನ್ನರಾಶಿಯು ಯ + 3 ರ ಸಮೀಪಕ್ಕೆ ಬರುತ್ತದೆ. ಹೀಗೆ ಬಿಡಿಸಿ ಬರೆಯದಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಇತಿಹಾಸ. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಭಿನ್ನರಾಶಿಗಳಿಗೆ ಅವನಿಟ್ಟ ಹೆಸರು ಕಲಾಸವರ್ಣ. ಪೂರ್ಣಾಂಕಕ್ಕೆ ಭಿನ್ನ ಅಂಟಿಕೊಂಡಿರುವುದನ್ನು ಅವನು ಭಾಗಾನುಬಂಧವೆನ್ನುತ್ತಾನೆ. ಪೂರ್ಣಾಂಕವನ್ನು ಛೇದದಿಂದ ಗುಣಿಸಿ ಅಂಶವನ್ನು ಕೂಡಿಸು ಎಂಬುದು ಅದರ ಸೂತ್ರ. ನಾವು ಮಾಡುವುದು ಅದರದೇ ಮರುನಡೆ.

ಅಕ್ಷರಗಳ ಭಾಗಾಕಾರವನ್ನು ಹೇಳಿಕೊಟ್ಟವನು 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯ. ಅವನ 'ಬೀಜಗಣಿತ'ದಲ್ಲಿ ಅಜ್ಞಾತರಾಶಿಗೆ ಯಾವತ್ತಾವತ್ ಎಂದು ಹೆಸರು, ಯಾ ಎಂಬುದು ಅದರ ಸಂಕ್ಷೇಪ. (ಮೇಲೆ ನಾನು ಯ ಎಂದು ಬರೆದದ್ದು ಅದಕ್ಕಾಗಿಯೇ!) 5ಯ − 1 ಅನ್ನು 3ಯ + 2 ರಿಂದ ಗುಣಿಸಿ 15ಯ² + 7ಯ − 2 ಪಡೆಯುತ್ತಾನೆ, ಆ ಗುಣಲಬ್ಧವನ್ನೇ ಭಾಜ್ಯವಾಗಿಟ್ಟು ಭಾಗಿಸಿ ಹಿಂದಿರುಗುತ್ತಾನೆ. ಅಲ್ಲಿ ಶೇಷವಿಲ್ಲ. ಆದುದರಿಂದ ಎಲ್ಲವೂ ನಮ್ಮವರದೇ ಎಂದು ಬೀಗುವುದೂ ಸಲ್ಲದು. ಸುಮಾರು ಅದೇ ಕಾಲದಲ್ಲಿ ಬಾಗ್ದಾದಿನ ಅಲ್ ಸಮವಾಲ್ 20ಯ² + 30ಯ ಅನ್ನು 6ಯ² + 12 ರಿಂದ ಭಾಗಿಸಲು ಹೊರಟನು. ಸಹಗುಣಕಗಳನ್ನು ಕೋಷ್ಟಕದಲ್ಲಿ ಜೋಡಿಸಿ, ಶೇಷ ಉಳಿದರೂ ನಿಲ್ಲದೆ, 1/ಯ, 1/ಯ² ಎಂದು ಕೆಳಗಿಳಿಯುತ್ತ ಹೋದನು. ಅದಾದ ಕೆಲವೇ ವರ್ಷಗಳಲ್ಲಿ ನಮ್ಮ ಕಲ್ಯಾಣದಲ್ಲಿ ಬಿಜ್ಜಳನು ಪಟ್ಟವೇರಿದನು.

ಬಾಗ್ದಾದು ನಮಗೇನೂ ದೂರವಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಊರು ನಿಜಾಮರ ಸಂಸ್ಥಾನದೊಳಗಿತ್ತು. ಪ್ರೌಢಶಾಲೆಯ ಗಣಿತವನ್ನು ನಮ್ಮ ಹಿರಿಯರು ಉರ್ದುವಿನಲ್ಲಿ ಕಲಿತರು. ಅವರಿಗೆ ಬೀಜಗಣಿತವೆಂದರೆ ಜಬ್ರೊ ಮುಕಾಬಲಾ. ಅದು ಒಂಬತ್ತನೆಯ ಶತಮಾನದ ಅಲ್ ಖ್ವಾರಿಜ್ಮಿಯ ಗ್ರಂಥದ ಹೆಸರಿನಿಂದ ಬಂದ ಮಾತು. ಇಂಗ್ಲಿಷರ ಆಲ್ಜೀಬ್ರಾ ಕೂಡ ಅಲ್ಲಿಂದಲೇ ಹೊರಟದ್ದು! ನಾನು ಕರಿಹಲಗೆಯ ಮೇಲೆ 'ಶೇಷ' ಎಂದು ಬರೆಯುತ್ತಿದ್ದೆ. ಅದೇ ಮಕ್ಕಳು ಸಂಜೆ ಕಿರಾಣಿ ಅಂಗಡಿಯಲ್ಲಿ 'ಬಾಕಿ' ಎನ್ನುತ್ತಿದ್ದರು. ಎರಡೂ ಒಂದೇ ಎಂದು ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ ನಾನು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದು ಅವನ ಕಣ್ಣಿಗೆ ಬಿದ್ದರೆ, ಅಲ್ ಸಮವಾಲನ ಲೆಕ್ಕವನ್ನು ನಾನು ಕಲಿಸಿದಂತೆ ಮೊದಲ ಹೆಜ್ಜೆಯಲ್ಲೇ ನಿಲ್ಲಿಸಿ ನೋಡಲಿ: ಭಾಗಲಬ್ಧ 10/3, ಬಾಕಿ 30ಯ − 40.