ಕರುಳಿನ ಕಾವಲಿಗೆ ಇ. ಕೊಲಿ

ಇ. ಕೊಲಿ ಎಂದೊಡನೆ ಕಲುಷಿತ ನೀರು, ವಾಂತಿಭೇದಿ ನೆನಪಾಗುವುದು ಸಹಜ. ಆದರೆ ಅದೇ ಪ್ರಭೇದದ ತಳಿಯೊಂದು ಕರುಳಿನ ರೋಗಾಣುಗಳಿಗೆ ತಡೆಯೊಡ್ಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸಂಗಡಿಗರು ಆಮಶಂಕೆಗೆ ತುತ್ತಾದರೂ ಸೈನಿಕನೊಬ್ಬ ಮಾತ್ರ ಆರೋಗ್ಯವಾಗಿದ್ದುದನ್ನು ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಗಮನಿಸಿದರು. ಆತನ ಮಲದಿಂದ 1917ರಲ್ಲಿ ಬೇರ್ಪಡಿಸಿದ ಬ್ಯಾಕ್ಟೀರಿಯವೇ 'ಇ. ಕೊಲಿ ನಿಸ್ಲೆ 1917'. 'ಮ್ಯೂಟಾಫ್ಲೋರ್' ಹೆಸರಿನಲ್ಲಿ ಅದು ಔಷಧವೂ ಆಯಿತು. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ಈ ತಳಿಯ ಮುಖ್ಯ ಹೋರಾಟ ನಡೆಯುವುದು ಕಬ್ಬಿಣಕ್ಕಾಗಿ. ಬೆಳೆಯಲು ರೋಗಾಣುವಿಗೂ ಕಬ್ಬಿಣಾಂಶ ಬೇಕು. ನಿಸ್ಲೆ ತಳಿಯು ಸಿಡೆರೋಫೋರ್ ಎಂಬ ಅಣುಗಳನ್ನು ಸ್ರವಿಸಿ ಅದನ್ನು ಮೊದಲೇ ಬಾಚಿಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗದಲ್ಲಿ ಕರುಳಿನ ಸಾಲ್ಮೊನೆಲ್ಲಾ ಪ್ರಮಾಣ ಹೀಗೆ ತಗ್ಗಿತು. ಕಬ್ಬಿಣ ಹೀರುವ ಶಕ್ತಿಯನ್ನು ಕಳೆದ ತಳಿಯಿಂದ ಅದು ಸಾಧ್ಯವಾಗಲಿಲ್ಲ. ಇದಲ್ಲದೆ ಮೈಕ್ರೋಸಿನ್ ಎಂಬ ಮಾರಕ ವಸ್ತುವನ್ನೂ ಅದು ತನ್ನ ದಾಯಾದಿಗಳ ಮೇಲೆ ಪ್ರಯೋಗಿಸುತ್ತದೆ.

ಆದರೂ ಇದನ್ನು ಮನೆಯ ಮಜ್ಜಿಗೆಯಂತೆ ಭಾವಿಸಲಾಗದು. ಡಿಎನ್‌ಎಗೆ ಹಾನಿ ಮಾಡಬಲ್ಲ ಕೋಲಿಬ್ಯಾಕ್ಟಿನ್ ತಯಾರಿಸುವ ಜೀನುಗಳೂ ಇದರಲ್ಲಿವೆ. ಅವುಗಳಲ್ಲೊಂದು ಮೈಕ್ರೋಸಿನ್ ತಯಾರಿಕೆಗೂ ಅಗತ್ಯವಾದ್ದರಿಂದ, ಕೇಡನ್ನು ಕಿತ್ತು ಗುಣವನ್ನಷ್ಟೇ ಉಳಿಸುವ ಕೆಲಸ ಸುಲಭದ್ದಲ್ಲ.