ನೆಲದಡಿಯ ತಂತಿ, ಕಡಲಡಿಯ ತಂತಿ

ನಮ್ಮ ಕಡೆ ನೆಲವೆಂದರೆ ತಂಪು. ಬೇಸಿಗೆಯ ಮಧ್ಯಾಹ್ನ ಕಾವಿ ನೆಲದ ಮೇಲೆ ಚಾಪೆಯನ್ನೂ ಹಾಸದೆ ಮೈಚಾಚಿದ ಸುಖವನ್ನು ಬಲ್ಲವರಿಗೆ, ನೆಲವನ್ನು ಬೆಂಕಿಯಿಂದಲೋ ವಿದ್ಯುತ್ತಿನಿಂದಲೋ ಕಾಸಬೇಕೆಂಬ ಮಾತೇ ವಿಚಿತ್ರವಾಗಿ ಕೇಳಿಸೀತು. ಆದರೆ ಹಿಮ ಬೀಳುವ ನಾಡುಗಳಲ್ಲಿ ಬೆಳಗಿನ ಹೊತ್ತು ಬಚ್ಚಲುಮನೆಯ ಟೈಲಿನ ಮೇಲೆ ಬರಿಗಾಲಿಡುವುದು ಒಂದು ಸಣ್ಣ ತಪಸ್ಸೇ ಸರಿ. ಅದಕ್ಕೆಂದೇ ನಾರ್ವೆ, ಸ್ವೀಡನ್, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಎಷ್ಟೋ ಮನೆಗಳ ಟೈಲಿನ ಅಡಿಯ ಗಾರೆಯಲ್ಲಿ ಕಾಯುವ ಕೇಬಲೊಂದನ್ನು ಹಾವಿನಂತೆ ಮಡಿಸಿ ಮಡಿಸಿ ಹಾಸಿ, ಮೇಲೆ ಟೈಲು ಕೂರಿಸಿ ಮುಚ್ಚಿಬಿಡುತ್ತಾರೆ. ಗುಂಡಿ ಒತ್ತಿದರೆ ನೆಲ ಹದವಾಗಿ ಬೆಚ್ಚಗಾಗುತ್ತದೆ. ಒಲೆಯಿಲ್ಲ, ಹೊಗೆಯಿಲ್ಲ.

ತೊಂದರೆ ಬರುವುದು ಒಂದು ದಿನ ಆ ನೆಲ ಬೆಚ್ಚಗಾಗದೆ ಉಳಿದಾಗ. ಬಾಗಿಲಿಗೆ ತಡೆ ಕೂರಿಸಲು ಬಂದ ಬಡಗಿಯ ಭೈರಿಗೆ ಕೇಬಲಿಗೆ ತಾಕಿರಬಹುದು. ಟೈಲು ಹಾಸುವಾಗಲೇ ಕರಣೆಯ ಅಂಚು ಹೊದಿಕೆಯನ್ನು ಗೀರಿರಬಹುದು. ಕೇಬಲಿನ ಉದ್ದ ನೂರಾರು ಅಡಿ, ಕಡಿದ ಜಾಗ ಸಾಸಿವೆ ಕಾಳಿನಷ್ಟು. ಮೇಲೆ ನೋಡಿದರೆ ಎಲ್ಲ ಟೈಲುಗಳೂ ಒಂದೇ ಹೊಳಪಿನಿಂದ ನಗುತ್ತಿರುತ್ತವೆ. ಮನೆಯ ಯಜಮಾನ ಇಡೀ ನೆಲವನ್ನು ಒಡೆಸಬೇಕೇನೋ ಎಂದು ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ದುರಸ್ತಿಗೆ ಬಂದವನಾದರೋ ಸುತ್ತಿಗೆಯನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಗೋಡೆಯ ಬಳಿ ಕುಳಿತು ಕೇಬಲಿನ ತುದಿಗಳನ್ನು ಮೀಟರಿಗೆ ಜೋಡಿಸಿ, ಒಂದಿಷ್ಟು ಗುಣಾಕಾರ ಭಾಗಾಕಾರ ಮಾಡಿ, ಕೊನೆಗೆ ಒಂದು ಟೈಲನ್ನು ತೋರಿಸಿ 'ಇದರ ಕೆಳಗೆ' ಎನ್ನುತ್ತಾನೆ. ನಾಡಿ ಹಿಡಿದು ರೋಗ ಹೇಳುವ ನಮ್ಮ ಹಳೆಯ ಪಂಡಿತರ ನೆನಪಾಗುತ್ತದೆ. ಈ ನಾಡೀಶಾಸ್ತ್ರ ಹುಟ್ಟಿದ್ದು ಯಾರ ಬಚ್ಚಲುಮನೆಯಲ್ಲೂ ಅಲ್ಲ. ಅಟ್ಲಾಂಟಿಕ್ ಸಾಗರದ ತಳದಲ್ಲಿ.

ನೆಲ ಕಾಸುವ ಕಲೆ ಬಹು ಹಳೆಯದು. ರೋಮನರು ಸ್ನಾನಗೃಹದ ನೆಲವನ್ನು ಮೋಟು ಇಟ್ಟಿಗೆ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಅಡಿಯಲ್ಲಿ ಬೆಂಕಿಯ ಬಿಸಿಗಾಳಿ ಹರಿಸುತ್ತಿದ್ದರು. ಕ್ರಿ.ಪೂ. ಒಂದನೆಯ ಶತಮಾನದ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದಲ್ಲಿ ಕಂಬದ ಎತ್ತರ ಎರಡು ಅಡಿ ಇರಲಿ ಎಂದು ಅಳತೆಯನ್ನೇ ಕೊಟ್ಟಿದ್ದಾನೆ. ಕೊರಿಯಾದವರ 'ಒಂದೋಲ್' ಪದ್ಧತಿಯಲ್ಲಿ ಅಡಿಗೆಯ ಒಲೆಯ ಹೊಗೆಯೇ ಕಲ್ಲುಚಪ್ಪಡಿಗಳ ಕೆಳಗೆ ಹಾದು ಮಲಗುವ ಕೋಣೆಯನ್ನು ಬೆಚ್ಚಗಿಡುತ್ತಿತ್ತು. ಅಲ್ಲಿ ಸೌದೆ ಉರಿಯುವ ತನಕ ಬಿರುಕು ತಾನೇ ತನ್ನನ್ನು ತೋರಿಸಿಕೊಡುತ್ತಿತ್ತು: ಹೊಗೆ ಎದ್ದ ಕಡೆ ಮಣ್ಣು ಮೆತ್ತಿದರಾಯಿತು. ಇಪ್ಪತ್ತನೆಯ ಶತಮಾನದ ನಡುವೆ ಸೌದೆಯ ಬದಲು ಕಲ್ಲಿದ್ದಲಿನ ಬಿಲ್ಲೆಗಳು ಬಂದ ಮೇಲೆ ಕಥೆ ಬೇರೆಯಾಯಿತು. ಅದರ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಕೂದಲೆಳೆಯಷ್ಟು ಬಿರುಕಿನಿಂದ ಅದು ಮೇಲೆದ್ದು, ರಾತ್ರಿ ಮಲಗಿದ ಎಷ್ಟೋ ಸಂಸಾರಗಳು ಬೆಳಿಗ್ಗೆ ಏಳಲಿಲ್ಲ. ನೆಲದಡಿಯ ದೋಷ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬುದು ಕೇವಲ ಖರ್ಚಿನ ಪ್ರಶ್ನೆಯಲ್ಲ.

ವಿದ್ಯುತ್ ಕೇಬಲಿನ ದೋಷವೂ ಕಾಣದು. ಆದರೆ ಅದನ್ನು ಅಳೆಯಬಹುದು. ತಂತಿಯಲ್ಲಿ ಹರಿಯುವ ಪ್ರವಾಹಕ್ಕೆ ತಂತಿಯೇ ಒಡ್ಡುವ ತಡೆಗೆ ರೋಧವೆಂದು ಹೆಸರು. ತಂತಿ ಉದ್ದವಾದಷ್ಟೂ ರೋಧ ಹೆಚ್ಚು ಎಂಬುದನ್ನು ಜರ್ಮನಿಯ ಓಂ ಎಂಬ ಅಧ್ಯಾಪಕ 1827ರಲ್ಲಿ ತೋರಿಸಿಕೊಟ್ಟ. ರೋಧ ತಿಳಿದರೆ ಉದ್ದ ತಿಳಿಯಿತು. ಉದ್ದ ತಿಳಿದರೆ ದೋಷದ ಜಾಗ ಸಿಕ್ಕಿತು. ಇಷ್ಟು ಸರಳವಾದ ಮಾತು ಜನರ ತಲೆಗೆ ಹೋಗಬೇಕಾದರೆ ಒಂದು ದೊಡ್ಡ ನಷ್ಟವೇ ಆಗಬೇಕಾಯಿತು.

1858ರ ಆಗಸ್ಟಿನಲ್ಲಿ ಐರ್ಲೆಂಡಿನ ವೆಲೆಂಶಿಯಾದಿಂದ ಅಮೆರಿಕದ ತೀರದ ನ್ಯೂಫೌಂಡ್‌ಲೆಂಡಿಗೆ ಸುಮಾರು 2,000 ಮೈಲಿ ಉದ್ದದ ಟೆಲಿಗ್ರಾಫ್ ಕೇಬಲು ಸಮುದ್ರದ ತಳದಲ್ಲಿ ಹಾಸಿ ಮುಗಿಯಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕ್ಯಾನನ್‌ಗೆ ಸಂದೇಶ ಕಳಿಸಿದಳು. ಇದ್ದದ್ದು ನೂರರ ಆಸುಪಾಸಿನ ಮಾತು. ತಲುಪಲು ಹಿಡಿದದ್ದು 16 ಗಂಟೆ. ಊರೂರುಗಳಲ್ಲಿ ದೀಪೋತ್ಸವ ನಡೆಯಿತು. ಕೇಬಲಾದರೋ ಹುಟ್ಟುರೋಗಿ, ಹಾಸಿದಂದಿನಿಂದಲೇ ಅದರ ಸದ್ದು ಕ್ಷೀಣ.

ಅದಕ್ಕೆ ಇಬ್ಬರು ವೈದ್ಯರು. ಒಬ್ಬ ಕಂಪೆನಿಯ ವಿದ್ಯುತ್ ತಜ್ಞನಾಗಿದ್ದ ವೈಲ್ಡ್‌ಮನ್ ವೈಟ್‌ಹೌಸ್. ಮೂಲತಃ ನಿಜವಾಗಿಯೂ ಶಸ್ತ್ರವೈದ್ಯನೇ. ಇನ್ನೊಬ್ಬ ಗ್ಲಾಸ್ಗೋದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು. ಸದ್ದು ಸಣ್ಣದಾದರೆ ಹೊಡೆತ ದೊಡ್ಡದಾಗಲಿ ಎಂಬುದು ವೈಟ್‌ಹೌಸನ ಚಿಕಿತ್ಸೆ. ಐದಡಿ ಉದ್ದದ ಸುರುಳಿಗಳಿಂದ ಸುಮಾರು 2,000 ವೋಲ್ಟ್ ಒತ್ತಡವನ್ನು ಆ ಬಡ ಕೇಬಲಿಗೆ ಕೊಟ್ಟ. ಥಾಮ್ಸನನ ದಾರಿ ಬೇರೆ. ಪುಟ್ಟ ಕನ್ನಡಿಯ ಬೆನ್ನಿಗೆ ಅಯಸ್ಕಾಂತ ಅಂಟಿಸಿ, ರೇಷ್ಮೆಯ ಎಳೆಯಲ್ಲಿ ತೂಗಿಬಿಟ್ಟು, ಅದರ ಮೇಲೆ ಬಿದ್ದ ಬೆಳಕಿನ ಚುಕ್ಕೆಯ ಅಲುಗಾಟದಿಂದ ಅತಿ ಸಣ್ಣ ಪ್ರವಾಹವನ್ನೂ ಓದುವ ಉಪಕರಣ ಅವನದು. ರೋಗಿ ಪಿಸುಗುಟ್ಟಿದರೆ ವೈದ್ಯ ಕಿವಿಯನ್ನು ಹತ್ತಿರ ತರಬೇಕು, ರೋಗಿಯನ್ನು ಹೊಡೆಯಬಾರದು ಎಂಬ ನೀತಿ.

ಮುಂದೆ ನಡೆದದ್ದು ನಮ್ಮ ಟೈಲಿನ ಕಥೆಗೆ ತೀರ ಹತ್ತಿರದ್ದು. ದೋಷ ದಡದ ಬಳಿಯಲ್ಲೇ ಇದೆಯೆಂದು ವೈಟ್‌ಹೌಸನಿಗೆ ಮನಸ್ಸಿಗೆ ಬಂತು. ಕಂಪೆನಿಯ ಅಪ್ಪಣೆಯನ್ನು ಮೀರಿ ವೆಲೆಂಶಿಯಾ ಬಂದರಿನಲ್ಲಿ ಕೇಬಲನ್ನು ಮೇಲೆತ್ತಿಸಿ ನೋಡತೊಡಗಿದ. ಅಂದರೆ ಅಳೆಯುವ ಮೊದಲು ಟೈಲು ಒಡೆದ. ಮುಖ್ಯ ದೋಷ ಅಲ್ಲಿರಲಿಲ್ಲ. ರೋಧದ ಲೆಕ್ಕ ಅದು ನೂರಾರು ಮೈಲಿ ಒಳಗೆ, ಆಳ ಸಮುದ್ರದಲ್ಲಿದೆಯೆಂದು ಹೇಳಿತು. ವೈಟ್‌ಹೌಸನ ಕೆಲಸ ಹೋಯಿತು. ಕೆಲವೇ ವಾರಗಳಲ್ಲಿ ಕೇಬಲಿನ ಪ್ರಾಣವೂ ಹೋಯಿತು. ಎಲ್ಲ ತಪ್ಪನ್ನೂ ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ನನ್ನ ಎಣಿಕೆ. ಕೇಬಲಿನ ತಯಾರಿಕೆಯಲ್ಲೂ ಜೋಪಾನದಲ್ಲೂ ದೋಷಗಳಿದ್ದವು. ಆದರೆ ಅಳತೆಯ ಮಾತನ್ನು ಕೇಳದೆ ಕೈಗೆ ಎಟಕುವ ಜಾಗದಲ್ಲೇ ದೋಷವಿರಬೇಕೆಂದು ನಂಬಿದ್ದು ಅವನದೇ ತಪ್ಪು. ಇಂಥ ನಂಬಿಕೆ ನಮ್ಮಲ್ಲಿ ಯಾರಿಗಿಲ್ಲ, ಹೇಳಿ?

ಈ ನಷ್ಟದ ವಿಚಾರಣೆಗೆ ಇಂಗ್ಲೆಂಡಿನ ಸರ್ಕಾರವೂ ಕಂಪೆನಿಯೂ ಸೇರಿ ಸಮಿತಿ ನೇಮಿಸಿದವು. 1861ರಲ್ಲಿ ವರದಿ ಹೊರಬಿತ್ತು. ಆಗ ಬಯಲಾದ ಒಂದು ಸಂಗತಿ ನಗೆ ತರಿಸುವಂಥದು: ರೋಧವನ್ನು ಅಳೆಯಲು ಎಲ್ಲರೂ ಒಪ್ಪಿದ ಮಾನವೇ ಇರಲಿಲ್ಲ. ಒಬ್ಬೊಬ್ಬನದು ಒಂದೊಂದು ತಂತಿ, ಒಂದೊಂದು ಲೆಕ್ಕ. ಸಂತೆಯಲ್ಲಿ ಒಬ್ಬೊಬ್ಬ ಅಂಗಡಿಯವನದು ಒಂದೊಂದು ಸೇರು ಇದ್ದ ಹಾಗೆ. ಅದೇ ವರ್ಷ ಬ್ರಿಟಿಷ್ ಅಸೋಸಿಯೇಷನ್ ಥಾಮ್ಸನನ ಸಲಹೆಯಂತೆ ರೋಧದ ಮಾನವನ್ನು ನಿಶ್ಚಯಿಸಲು ಸಮಿತಿ ಮಾಡಿತು. ಆ ಮಾನಕ್ಕೆ ಮುಂದೆ ಓಂ ಅಧ್ಯಾಪಕನ ಹೆಸರೇ ನಿಂತಿತು.

1865ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ಭಾರಿ ಹಡಗು ಹೊಸ ಕೇಬಲು ಹಾಸುತ್ತ ಹೊರಟಿತು. ಈ ಸಲ ಹಾಸುವಾಗಲೇ ಸತತವಾಗಿ ಅಳೆಯುತ್ತಿದ್ದರು. ಎಂಬತ್ತು ಚಿಲ್ಲರೆ ಮೈಲಿ ಇಳಿಬಿಡುವಷ್ಟರಲ್ಲಿ ದೋಷ ಕಾಣಿಸಿತು. ಕೇಬಲನ್ನು ಹಿಂದಕ್ಕೆಳೆದು ನೋಡಿದರೆ ಸುಮಾರು ಎರಡಂಗುಲದ ತಂತಿಯ ಚೂರೊಂದು ಹೊದಿಕೆಯನ್ನು ಚುಚ್ಚಿ ಒಳಗೆ ಹೊಕ್ಕಿತ್ತು. ಕರಣೆಯ ಗೀರಿಗೂ ಇದಕ್ಕೂ ಏನು ವ್ಯತ್ಯಾಸ? ಸರಿಪಡಿಸಿ ಮುಂದೆ ಹೋದರು. ಆಗಸ್ಟ್ 2ರಂದು ಕೇಬಲು ಕಡಿದು, ಎರಡು ಮೈಲಿಗೂ ಆಳದ ನೀರಿನಲ್ಲಿ ಮುಳುಗಿತು. ಮರುವರ್ಷ ಹೊಸದೊಂದನ್ನು ಪೂರ್ತಿ ಹಾಸಿ, ಅದೇ ಹಡಗು ಹಿಂದಿರುಗಿ ಬಂದು, ಕೊಕ್ಕೆ ಇಳಿಬಿಟ್ಟು ಹಳೆಯ ಕೇಬಲನ್ನು ತಡಕಿತು. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ತೆಗೆಯುವುದನ್ನು ಕಂಡವರು ಈ ಸಾಹಸವನ್ನು ಊಹಿಸಿಕೊಳ್ಳಲಿ. ಮತ್ತೆ ಮತ್ತೆ ಜಾರಿಹೋಗಿ, ಸೆಪ್ಟೆಂಬರ್ ಮೊದಲಲ್ಲಿ ತುದಿ ಮೇಲೆ ಬಂತು. ಅದನ್ನು ಉಪಕರಣಕ್ಕೆ ಜೋಡಿಸಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ವೆಲೆಂಶಿಯಾ ಉತ್ತರ ಕೊಟ್ಟಿತು. ಆಮೇಲೆ ಬೆಸುಗೆ, ಆಮೇಲೆ ಮಿಕ್ಕ ಹಾಸುವಿಕೆ.

ನೆಲದಡಿಯ ದುರಸ್ತಿಯೂ ಇದೇ ಕ್ರಮದಲ್ಲಿ ನಡೆಯುತ್ತದೆ. 230 ವೋಲ್ಟಿನಲ್ಲಿ 600 ವಾಟ್ ಶಾಖ ಕೊಡುವ ಕೇಬಲಿನ ರೋಧ ಸುಮಾರು 88 ಓಂ ಇರಬೇಕು. ಶಾಖ ಹುಟ್ಟುವುದೂ ಈ ರೋಧದಿಂದಲೇ. ಕಾಸುವುದೂ ಅದೇ, ಸಾಕ್ಷಿ ನುಡಿಯುವುದೂ ಅದೇ. ಮೀಟರಿನಲ್ಲಿ ಯಾವ ಅಂಕೆಯೂ ನಿಲ್ಲದಿದ್ದರೆ ತಂತಿ ತುಂಡಾಗಿದೆ. ತಂತಿಗೂ ಹೊರಗವಚಕ್ಕೂ ನಡುವೆ ಪ್ರವಾಹ ಸೋರಿದರೆ ಹೊದಿಕೆ ಹರಿದಿದೆ. ತುಂಡಾದ ತಂತಿಗೆ ಕ್ಷಣಮಾತ್ರದ ಮಿಡಿತವೊಂದನ್ನು ಕಳಿಸಿ, ಅದರ ಪ್ರತಿಧ್ವನಿ ಮರಳುವ ಕಾಲದಿಂದ ದೂರವನ್ನು ಲೆಕ್ಕ ಹಾಕುವ ಯಂತ್ರಗಳೂ ಬಂದಿವೆ. ಕೊನೆಗೆ ಜಾಗವನ್ನು ಖಚಿತ ಮಾಡಿಕೊಳ್ಳಲು ಹೆಚ್ಚಿನ ಒತ್ತಡದ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹರಿಸುತ್ತಾರೆ. ವೈಟ್‌ಹೌಸನ ಅದೇ ಹೊಡೆತ. ಈಗ ಮಾತ್ರ ಬೇಕೆಂದೇ, ಮಿತಿಯರಿತು. ಕಡಿದ ಕಡೆ ಕಿಡಿ ಹಾರಿ ಆ ಒಂದು ಚುಕ್ಕೆ ಬಿಸಿಯಾಗುತ್ತದೆ. ಶಾಖವನ್ನು ಕಾಣುವ ಕ್ಯಾಮೆರಾದಲ್ಲಿ ಅದು ಬೆಳಗುತ್ತದೆ. ಕೆಲವು ಸಲ ನೆಲಕ್ಕೆ ಕಿವಿಗೊಟ್ಟರೆ ಚಿಟಿಚಿಟಿ ಸದ್ದೂ ಕೇಳುತ್ತದೆಯಂತೆ.

ಇನ್ನು ಟೈಲು ತೆಗೆಯಬಹುದು. ಸುತ್ತಲಿನ ಸಂದಿಯ ಗಾರೆಯನ್ನು ಮೊದಲು ಕೊರೆದು ಬಿಡಿಸಿದರೆ ಪಕ್ಕದ ಟೈಲುಗಳಿಗೆ ಪೆಟ್ಟಾಗುವುದಿಲ್ಲ. ಕಡಿದ ತುದಿಗಳನ್ನು ಹೆರೆದು, ಲೋಹದ ಕೊಳವೆಯಲ್ಲಿ ಸೇರಿಸಿ ಅದುಮಿ, ಕಾಸಿದರೆ ಕುಗ್ಗಿ ಬಿಗಿಯುವ ತೋಳನ್ನು ಮೇಲೆ ತೊಡಿಸುತ್ತಾರೆ. ಒಳ್ಳೆಯ ಕೆಲಸಗಾರ ಅಲ್ಲಿಗೆ ಗಾರೆ ಕಲಸುವುದಿಲ್ಲ. ಕೇಬಲು ಹಾಸಿದ ದಿನ ಬರೆದು ಸ್ವಿಚ್ಚಿನ ಪೆಟ್ಟಿಗೆಯಲ್ಲಿಟ್ಟ ಚೀಟಿಯನ್ನು ತರಿಸಿಕೊಂಡು, ಅದರಲ್ಲಿನ ಅಂಕೆಯನ್ನೂ ತನ್ನ ಮೀಟರಿನ ಅಂಕೆಯನ್ನೂ ಒಟ್ಟಿಗಿಟ್ಟು ನೋಡುತ್ತಾನೆ. ಎಷ್ಟೋ ಮನೆಗಳಲ್ಲಿ ಆ ಚೀಟಿ ಸಿಗುವುದೇ ಇಲ್ಲ.